ಓದುಗರ ಪ್ರಶ್ನೆ, ವೈದ್ಯರ ಉತ್ತರ: ಔಷಧ ಪ್ರಯೋಗಕ್ಕೆ ಸೇರಿದವರ ಊಟ ಮತ್ತು ಮಾತ್ರೆ

ಹೊಸ ಔಷಧಗಳ ಪ್ರಯೋಗ, ಅಂದರೆ ಕ್ಲಿನಿಕಲ್ ಟ್ರಯಲ್‌ಗೆ ಸೇರಿದವರು ಏನು ತಿನ್ನಬೇಕು, ಯಾವ ಮಾತ್ರೆ ಬಿಡಬೇಕು ಎಂದು ಕೇಳಿ ಮೈಸೂರು ಮತ್ತು ಮಂಡ್ಯದ ಕಡೆಯಿಂದ ಈ ಸಲ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 54 ವರ್ಷ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಮಾತ್ರೆಯ ಪ್ರಯೋಗಕ್ಕೆ ಸೇರಬಹುದೆಂದು ಹೇಳಿದ್ದಾರೆ. ಅವರು ಕೊಟ್ಟ ಕಾಗದದಲ್ಲಿ ಗಿಡಮೂಲಿಕೆ ಔಷಧಗಳೂ ಚಕ್ಕೋತ ಹಣ್ಣೂ ಕೂಡದು ಎಂದಿದೆ. ನಾನು ದಿನಾ ಬೆಳಿಗ್ಗೆ ನೆನೆಸಿದ ಮೆಂತ್ಯವನ್ನೂ ಹಾಗಲಕಾಯಿ ರಸವನ್ನೂ ತೆಗೆದುಕೊಳ್ಳುತ್ತೇನೆ. ಏಕಾದಶಿ ಉಪವಾಸವೂ ಉಂಟು. ಇವೆಲ್ಲ ಆಹಾರವೇ ಹೊರತು ಔಷಧವಲ್ಲವಲ್ಲ, ಬಿಡಲೇಬೇಕೆ?
(ಓದುಗರೊಬ್ಬರು, ಮಂಡ್ಯ)

ಉತ್ತರ: ಪಥ್ಯ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ರೋಗ ಬೇಗ ವಾಸಿಯಾಗಲೆಂದು ಮಾಡುವ ಊಟದ ಕಟ್ಟುಪಾಡು. ಔಷಧ ಪ್ರಯೋಗದ ಪಥ್ಯಕ್ಕೆ ನಿಮ್ಮ ಸುರಕ್ಷತೆಯ ಜೊತೆಗೆ ಇನ್ನೊಂದು ಉದ್ದೇಶವೂ ಇದೆ. ನಿಮ್ಮ ದೇಹದಲ್ಲಿ ಆದ ಬದಲಾವಣೆ ಯಾವುದರಿಂದ ಆಯಿತೆಂಬ ಲೆಕ್ಕ ತಪ್ಪಬಾರದು ಎಂಬುದೇ ಅದು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಅಂಕಿ ಇಳಿದರೆ, ಅದು ಹೊಸ ಮಾತ್ರೆಯ ಗುಣವೋ ಹಾಗಲಕಾಯಿ ರಸದ ಗುಣವೋ ಎಂದು ಬೇರ್ಪಡಿಸಿ ಹೇಳಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ಇದು ಆಹಾರವೋ ಔಷಧವೋ ಎಂಬ ಪ್ರಶ್ನೆಗೆ ಉತ್ತರ ಅಳತೆಯಲ್ಲಿದೆ. ಸಾರಿನ ಒಗ್ಗರಣೆಗೆ ಬಿದ್ದ ನಾಲ್ಕು ಕಾಳು ಮೆಂತ್ಯ ಅಡುಗೆ. ಸಕ್ಕರೆ ಇಳಿಯಲಿ ಎಂದು ದಿನವೂ ಚಮಚದಲ್ಲಿ ಅಳೆದು ತೆಗೆದುಕೊಳ್ಳುವ ಮೆಂತ್ಯ ಔಷಧ. ಮಧುನಾಶಿನಿ ಸೊಪ್ಪು, ಅತಿಮಧುರದ ಕಷಾಯ, ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಇವೂ ಔಷಧದ ಸಾಲಿಗೇ ಸೇರುತ್ತವೆ. ಬಯೋಟಿನ್ ಅಂತೂ ಥೈರಾಯ್ಡ್‌ನಂತಹ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು.

ಚಕ್ಕೋತದ ನಿಷೇಧಕ್ಕೆ ಕಾರಣ ಬೇರೆ. ನಮ್ಮ ಕರುಳಿನ ಗೋಡೆಯಲ್ಲಿ ಸಿವೈಪಿ3ಎ4 ಎಂಬ ಕಿಣ್ವವಿದೆ. ನುಂಗಿದ ಅನೇಕ ಔಷಧಗಳ ಒಂದು ಪಾಲನ್ನು ಅದು ರಕ್ತ ಸೇರುವ ಮುನ್ನವೇ ಒಡೆದುಬಿಡುತ್ತದೆ, ಮತ್ತು ಮಾತ್ರೆಯ ಪ್ರಮಾಣ ನಿಗದಿಯಾಗುವುದೂ ಈ ನಷ್ಟವನ್ನು ಲೆಕ್ಕ ಹಿಡಿದೇ. ಚಕ್ಕೋತದ ಹತ್ತಿರದ ಸಂಬಂಧಿಯಾದ ಗ್ರೇಪ್‌ಫ್ರೂಟ್ ಹಣ್ಣಿನಲ್ಲಿರುವ ಕೆಲವು ವಸ್ತುಗಳು ಆ ಕಿಣ್ವವನ್ನು ಕೆಡಿಸಿಬಿಡುವುದರಿಂದ, ಒಂದು ಮಾತ್ರೆ ನುಂಗಿದವರ ರಕ್ತದಲ್ಲಿ ಎರಡು ಮೂರು ಮಾತ್ರೆಗಳಷ್ಟು ಔಷಧ ಕಾಣಿಸಿಕೊಳ್ಳಬಹುದು. ಇದು ತಿಳಿದದ್ದೂ ಆಕಸ್ಮಿಕವಾಗಿ. 1980ರ ದಶಕದ ಕೊನೆಯಲ್ಲಿ ಕೆನಡಾದ ಸಂಶೋಧಕರು ಫೆಲೋಡಿಪಿನ್ ಎಂಬ ರಕ್ತದೊತ್ತಡದ ಔಷಧಕ್ಕೂ ಮದ್ಯಕ್ಕೂ ಇರುವ ಸಂಬಂಧವನ್ನು ಪರೀಕ್ಷಿಸುತ್ತಿದ್ದಾಗ, ಮದ್ಯದ ರುಚಿ ಗೊತ್ತಾಗದಿರಲೆಂದು ಈ ಹಣ್ಣಿನ ರಸವನ್ನು ಬೆರೆಸಿದ್ದರು. ಔಷಧದ ಮಟ್ಟ ಏರಲು ಆ ರಸವೇ ಕಾರಣವೆಂದು ಆಮೇಲೆ ಗೊತ್ತಾಯಿತು. ಗ್ರೇಪ್‌ಫ್ರೂಟ್ ಎಂಬುದು ಚಕ್ಕೋತ ಮತ್ತು ಕಿತ್ತಳೆಯ ಮಿಶ್ರತಳಿ, ಆ ಗುಣ ಅದಕ್ಕೆ ಬಂದದ್ದು ಚಕ್ಕೋತದ ಕಡೆಯಿಂದ. ಹಾಗಾಗಿ ದೇವನಹಳ್ಳಿಯ ಚಕ್ಕೋತಕ್ಕೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಬೆಳಿಗ್ಗೆ ಮಾತ್ರೆ ನುಂಗಿ ಸಂಜೆ ಹಣ್ಣು ತಿಂದರಾಯಿತು ಎನ್ನುವಂತಿಲ್ಲ. ಕೆಟ್ಟುಹೋದ ಕಿಣ್ವದ ಬದಲಿಗೆ ದೇಹ ಹೊಸದನ್ನು ತಯಾರಿಸಿಕೊಳ್ಳಲು ಒಂದು ದಿನಕ್ಕೂ ಹೆಚ್ಚು ಸಮಯ ಬೇಕು.

ಏಕಾದಶಿಯ ವಿಷಯವನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಪ್ರಸ್ತಾಪಿಸಿ. ಗ್ಲಿಮೆಪಿರೈಡ್‌ನಂತಹ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದು. ಪ್ರಯೋಗದಲ್ಲಂತೂ ಎಷ್ಟೋ ಸಲ ನಿಮಗೆ ಸಿಕ್ಕಿರುವುದು ಹೊಸ ಮಾತ್ರೆಯೋ ಹಳೆಯದೋ ಬರೀ ಹುಸಿಮಾತ್ರೆಯೋ ಎಂಬುದು ನಿಮಗೂ ಗೊತ್ತಿರುವುದಿಲ್ಲ, ಕೊಡುವ ವೈದ್ಯರಿಗೂ ಗೊತ್ತಿರುವುದಿಲ್ಲ. ಇನ್ನೊಂದು ಮಾತು: ಈ ಪತ್ರ ಓದಿ ನಾಳೆಯಿಂದಲೇ ಮೆಂತ್ಯ ನಿಲ್ಲಿಸಬೇಡಿ. ದಿನನಿತ್ಯದ ಅಭ್ಯಾಸವನ್ನು ದಿಢೀರನೆ ಬಿಟ್ಟರೂ ಸಕ್ಕರೆಯ ಅಂಕಿ ಬದಲಾಗಬಹುದು. ಮೊದಲು ಪ್ರಯೋಗದ ವೈದ್ಯರಿಗೆ ತಿಳಿಸಿ, ಅವರು ಹೇಳಿದ ದಿನದಿಂದ ಬಿಡಿ. ಮುದ್ದೆ, ಉಪ್ಸಾರಿನ ದಿನನಿತ್ಯದ ಊಟವನ್ನು ಬದಲಿಸಬೇಕಾಗಿಲ್ಲ. ಆಲೆಮನೆಯ ಬಿಸಿ ಬೆಲ್ಲದ ಬಗ್ಗೆ ನೀವು ಕೇಳಿಲ್ಲ, ನಾನೂ ಹೇಳುವುದಿಲ್ಲ.

ಪ್ರಶ್ನೆ: ಆರೋಗ್ಯವಂತನಾದ ನನ್ನ ಮಗ ಬೆಂಗಳೂರಿನಲ್ಲಿ ಮಾತ್ರೆಗಳ ಹೋಲಿಕೆಯ ಅಧ್ಯಯನವೊಂದಕ್ಕೆ ಹೋಗಿದ್ದ. ರಾತ್ರಿಯಿಡೀ ಉಪವಾಸ, ಅಳೆದು ಕೊಟ್ಟ ನೀರು, ಎರಡು ದಿನ ಮೊದಲಿನಿಂದಲೇ ಕಾಫಿ ಇಲ್ಲ. ಇಷ್ಟು ಕಟ್ಟುನಿಟ್ಟು ಏಕೆ?
(ಓದುಗರೊಬ್ಬರು, ಕುವೆಂಪುನಗರ, ಮೈಸೂರು)

ಉತ್ತರ: ಹಳೆಯ ಕಂಪನಿಯ ಮಾತ್ರೆಯೂ ಹೊಸ ಕಂಪನಿಯ ಮಾತ್ರೆಯೂ ರಕ್ತಕ್ಕೆ ಒಂದೇ ವೇಗದಲ್ಲಿ, ಒಂದೇ ಪ್ರಮಾಣದಲ್ಲಿ ಸೇರುತ್ತವೆಯೇ ಎಂದು ನೋಡುವುದು ಇಂತಹ ಅಧ್ಯಯನದ ಕೆಲಸ. ಹೊಟ್ಟೆಯಲ್ಲಿ ಊಟವಿದ್ದರೆ ಮಾತ್ರೆ ಕರುಳಿಗೆ ಇಳಿಯುವುದು ತಡವಾಗುತ್ತದೆ. ಹಾಲಿನ ಕ್ಯಾಲ್ಸಿಯಂ ಕೆಲವು ಆಂಟಿಬಯಾಟಿಕ್‌ಗಳಿಗೆ ಅಂಟಿಕೊಂಡು ಅವು ರಕ್ತ ಸೇರದಂತೆ ತಡೆಯುತ್ತದೆ. ಅದಕ್ಕಾಗಿ ಕನಿಷ್ಠ 10 ಗಂಟೆ ಉಪವಾಸವಿರಿಸಿ, ಸುಮಾರು 240 ಮಿಲಿಲೀಟರ್ ನೀರಿನೊಂದಿಗೆ ಮಾತ್ರೆ ಕೊಟ್ಟು, ನಂತರ 4 ಗಂಟೆ ಊಟ ಕೊಡುವುದಿಲ್ಲ. ಮಾತ್ರೆಗೆ ಹಿಂದೆ ಮುಂದೆ ಒಂದೊಂದು ಗಂಟೆ ಬೇರೆ ನೀರೂ ಇಲ್ಲ. ಕಾಫಿಯ ಕೆಫೀನ್ ಮತ್ತು ಕೆಲವು ಔಷಧಗಳು ಯಕೃತ್ತಿನ ಒಂದೇ ಕಿಣ್ವದಿಂದ ಕರಗುವುದರಿಂದ ಕಾಫಿಗೆ ನಿಷೇಧ. ಟೀ, ಚಾಕೊಲೇಟ್, ಕೋಲಾ ಪಾನೀಯಗಳಿಗೂ ಅದೇ ನಿಯಮ. ಮೈಸೂರಿನವರಿಗೆ ಫಿಲ್ಟರ್ ಕಾಫಿ ಬಿಟ್ಟರೆ ತಲೆನೋವು ಬರುವುದು ಸಹಜ. ಆದರೆ ಆ ತಲೆನೋವನ್ನೂ ದಾಖಲಿಸಲು ಹೇಳಬೇಕು, ಇಲ್ಲದಿದ್ದರೆ ಅದು ಮಾತ್ರೆಯ ಅಡ್ಡಪರಿಣಾಮದ ಪಟ್ಟಿಗೆ ಸೇರಿಬಿಡುತ್ತದೆ. ಇದಕ್ಕೆ ತದ್ವಿರುದ್ಧವಾದ ಅಧ್ಯಯನವೂ ಇದೆ. ಅದರಲ್ಲಿ 800ರಿಂದ 1000 ಕ್ಯಾಲೊರಿಯ, ಅರ್ಧದಷ್ಟು ಶಕ್ತಿ ಕೊಬ್ಬಿನಿಂದಲೇ ಬರುವ ಉಪಾಹಾರವನ್ನು 30 ನಿಮಿಷದೊಳಗೆ ತಟ್ಟೆಯಲ್ಲಿ ಏನೂ ಬಿಡದೆ ಮುಗಿಸಿ ಮಾತ್ರೆ ನುಂಗಬೇಕು. ಹಣ ಸಿಗುತ್ತದೆಂದು ಒಂದರ ಹಿಂದೊಂದು ಅಧ್ಯಯನಕ್ಕೆ ಹೋಗುವವರಿದ್ದಾರೆ. ನಿಮ್ಮ ಮಗ ಹಾಗೆ ಮಾಡದಂತೆ ನೋಡಿಕೊಳ್ಳಿ. ಸಾಮಾನ್ಯವಾಗಿ 3 ತಿಂಗಳ ಅಂತರ ಕೇಳುತ್ತಾರೆ, ಅದು ತೆಗೆದ ರಕ್ತ ಮತ್ತೆ ತುಂಬಿಕೊಳ್ಳಲು ಬೇಕಾದ ಕಾಲ.

ಪ್ರಶ್ನೆ: ನಮ್ಮ ತಂದೆ ರಕ್ತದೊತ್ತಡದ ಔಷಧ ಪ್ರಯೋಗದಲ್ಲಿದ್ದಾರೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಮೂರು ದಿನ ನುಂಗಿದರು. ಹೇಳಿದರೆ ಪ್ರಯೋಗದಿಂದ ತೆಗೆದುಹಾಕುತ್ತಾರೆಂದು ಸುಮ್ಮನಿದ್ದಾರೆ.
(ಓದುಗರೊಬ್ಬರು, ಶ್ರೀರಂಗಪಟ್ಟಣ)

ಉತ್ತರ: ಇವತ್ತೇ ಫೋನ್ ಮಾಡಿಸಿ. ಒಪ್ಪಿಗೆ ಪತ್ರದ ಪ್ರತಿಯಲ್ಲಿ ವೈದ್ಯರ ಸಂಖ್ಯೆ ಇರುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಟ್ಟು ರಕ್ತದೊತ್ತಡ ಏರಿಸುತ್ತವೆ, ಕೆಲವು ಬಿಪಿ ಔಷಧಗಳ ಜೊತೆ ಸೇರಿದಾಗ ಮೂತ್ರಪಿಂಡಕ್ಕೂ ಹೊಡೆತ ಕೊಡುತ್ತವೆ. ವೈದ್ಯರಿಗೆ ವಿಷಯ ಗೊತ್ತಿಲ್ಲದಿದ್ದರೆ, ಔಷಧ ಕೆಲಸ ಮಾಡುತ್ತಿಲ್ಲವೆಂದು ಭಾವಿಸಿ ಪ್ರಮಾಣ ಹೆಚ್ಚಿಸಬಹುದು, ನನ್ನ ಭಯ ಅದೇ. ನಿಯಮ ಮೀರಿದ್ದಕ್ಕಿಂತ ಮುಚ್ಚಿಟ್ಟದ್ದೇ ಹೆಚ್ಚು ಅಪಾಯಕಾರಿ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ದಿನಾಂಕಗಳಂದು ಎಂಬುದನ್ನು ಬರೆದುಕೊಂಡು, ಖಾಲಿ ಸ್ಟ್ರಿಪ್ ಇದ್ದರೆ ಅದನ್ನೂ ಒಯ್ಯಲಿ. ಎಷ್ಟೋ ಸಲ ಇದನ್ನು ದಾಖಲಿಸಿಕೊಂಡು ಮುಂದುವರಿಸುತ್ತಾರೆ. ಒಂದು ವೇಳೆ ತೆಗೆದರೂ ಅದು ಅವರ ಸುರಕ್ಷತೆಗಾಗಿಯೇ. ಪ್ರಯೋಗದ ಅವಧಿಯಲ್ಲಿ ಆರೋಗ್ಯಕ್ಕೆ ಹಾನಿಯಾದರೆ, ಅದು ಪ್ರಯೋಗದಿಂದಲ್ಲ ಎಂದು ಖಚಿತವಾಗುವವರೆಗೆ ಅಥವಾ ಅಗತ್ಯವಿರುವವರೆಗೆ ಉಚಿತ ಚಿಕಿತ್ಸೆ ಕೊಡಬೇಕೆಂದು 2019ರ ಹೊಸ ಔಷಧಗಳ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ಮುಚ್ಚಿಟ್ಟ ಮೂರು ದಿನದ ಮಾತ್ರೆ ಆ ವಿಚಾರಣೆಯನ್ನೂ ಗೋಜಲು ಮಾಡುತ್ತದೆ. ಹಾಗೆಂದು ಹೆದರಿ, ಮೊದಲಿನಿಂದ ಇರುವ ಬೇರೆ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದೂ ಬೇಡ. ಮೂರ್ಛೆರೋಗದ ಮಾತ್ರೆ, ಹೃದಯದ ಬೀಟಾ ಬ್ಲಾಕರ್ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಅಪಾಯವಿದೆ.

ಪ್ರಶ್ನೆ: ಪ್ರಯೋಗಕ್ಕೆ ಸೇರಿದವರು ಮದುವೆಮನೆಯ ಗಸಗಸೆ ಪಾಯಸ ಕುಡಿಯಬಾರದೆಂದು ಗೆಳೆಯರು ಹೆದರಿಸುತ್ತಿದ್ದಾರೆ. ತಮಾಷೆಯೇ?
(ಓದುಗರೊಬ್ಬರು, ಮದ್ದೂರು)

ಉತ್ತರ: ತಮಾಷೆಯಲ್ಲ. ಗಸಗಸೆ ಅಫೀಮು ಗಿಡದ ಬೀಜ. ಅದರಲ್ಲಿ ಅಲ್ಪಸ್ವಲ್ಪ ಮಾರ್ಫಿನ್ ಉಳಿದಿರುತ್ತದೆ, ಮತ್ತು ಆರೋಗ್ಯವಂತ ಸ್ವಯಂಸೇವಕರಿಗೆ ಮಾಡುವ ಮೂತ್ರಪರೀಕ್ಷೆಯಲ್ಲಿ ಅದು ಮಾದಕ ವಸ್ತು ಸೇವಿಸಿದಂತೆ ಕಾಣಿಸಿಕೊಳ್ಳಬಹುದು. ಪರೀಕ್ಷೆಗೆ ಕೆಲವು ದಿನ ಮೊದಲಿನಿಂದ ಬಿಟ್ಟರೆ ಸಾಕು. ಆಗಲೇ ಕುಡಿದಿದ್ದರೆ ಯಾವ ದಿನವೆಂದು ಅಲ್ಲಿನವರಿಗೆ ತಿಳಿಸಿ, ಪರೀಕ್ಷೆಯ ದಿನ ಮುಂದೂಡಲು ಕೇಳಿ. ಅಲ್ಲಿಯವರೆಗೆ ಕಡಲೆಬೇಳೆ ಪಾಯಸ ಕುಡಿಯಲು ಅಡ್ಡಿಯಿಲ್ಲ.