ಪ್ಚುಂ ಬೆನ್‌ಗೆ ವತ್‌ಗೆ ಹೋಗುವಾಗ ಏನು ಒಯ್ಯಬೇಕು?

ಕಾಂಬೋಡಿಯಾದವರು ತೀರಿಹೋದ ಹಿರಿಯರಿಗಾಗಿ ಮಾಡುವ ಪ್ಚುಂ ಬೆನ್ ಹಬ್ಬಕ್ಕೆ ಖಮೇರ್ (ಕಾಂಬೋಡಿಯಾದ) ಗೆಳೆಯರ ಮನೆಯವರ ಜೊತೆ ವತ್‌ಗೆ (ಅಲ್ಲಿನ ಬೌದ್ಧ ದೇಗುಲ) ಹೋಗುವುದಾದರೆ ಏನು ಒಯ್ಯಬೇಕು, ಎಷ್ಟು ಹೊತ್ತಿಗೆ ಎಂದು ಕೇಳಿದ್ದೀರಿ. ಹಬ್ಬ 15 ದಿನ, ಹೆಚ್ಚುಕಡಿಮೆ ನಮ್ಮ ಪಿತೃಪಕ್ಷದ ಹೊತ್ತಿಗೇ ಬರುತ್ತದೆ. ಕೊನೆಯ ದಿನ, ಅಮಾವಾಸ್ಯೆಯದೇ ದೊಡ್ಡದು.

ಎರಡು ಎಡೆ ಬೇರೆ ಬೇರೆ, ಹೊಸಬರು ಎಡವುವುದು ಇಲ್ಲೇ. ಅಂಟಕ್ಕಿ ಅನ್ನಕ್ಕೆ ಎಳ್ಳು, ತೆಂಗಿನಕಾಯಿ ಬೆರೆಸಿ ಕಟ್ಟಿದ ಉಂಡೆಗಳು ಪ್ರೇತಗಳಿಗೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ, ವಿಹಾರದ ಸುತ್ತ ಮೂರು ಸುತ್ತು ಬರುತ್ತಾ ಕತ್ತಲಲ್ಲಿ ಎಸೆಯುತ್ತಾರೆ. ಪ್ರೇತಗಳಿಗೆ ಬೆಳಕು ಆಗದು ಎಂಬ ನಂಬಿಕೆ, ಹಾಗಾಗಿ ಆರಕ್ಕೆ ಹೋದರೆ ಅದು ಮುಗಿದಿರುತ್ತದೆ. ಭಿಕ್ಷುಗಳಿಗೆ ಕೊಡುವುದು ಬೇರೆ: ಅನ್ನ, ಪಲ್ಯ-ಸಾರು, ಹಣ್ಣು, ಬಾಳೆ ಎಲೆಯಲ್ಲಿ ಸುತ್ತಿದ ನುಂ ಅನ್ಸೋಂ (ಅಂಟಕ್ಕಿಯ ಕಡುಬು). ಮಧ್ಯಾಹ್ನದ ನಂತರ ಅವರು ಉಣ್ಣುವುದಿಲ್ಲ, ಹತ್ತರೊಳಗೆ ತಲುಪಿಸಿ. ಹೆಂಗಸರು ಭಿಕ್ಷುವಿನ ಕೈಗೆ ನೇರವಾಗಿ ಕೊಡಬಾರದು, ಹಾಸಿದ ಬಟ್ಟೆಯ ಮೇಲಿಡಬೇಕು.

ತೀರಿಹೋದವರ ಹೆಸರುಗಳನ್ನು ಚೀಟಿಯಲ್ಲಿ ಬರೆದೊಯ್ದರೆ ಒಳ್ಳೆಯದು. ಶ್ರಾದ್ಧದಂತೆ ಇಲ್ಲಿ ಗಂಡುಮಗನೇ ಆಗಬೇಕೆಂದಿಲ್ಲ. ಯಾರು ದಾನ ಕೊಟ್ಟರೂ ಅದರ ಪುಣ್ಯ ಸತ್ತವರಿಗೆ ಸಲ್ಲುತ್ತದೆ. ಬಿಳಿ ಅಂಗಿ, ಮೊಣಕಾಲು ಮುಚ್ಚುವ ಉಡುಪು ಇರಲಿ. ಕೂತಾಗ ಪಾದ ಬುದ್ಧನ ಕಡೆಗಾಗಲಿ, ಭಿಕ್ಷುಗಳ ಕಡೆಗಾಗಲಿ ಚಾಚಬೇಡಿ.