ವರ್ಜೀನಿಯಾದ ಬಣ್ಣ ಬದಲಿಸಿದ್ದು ಯಾರು?

"ನನ್ನ ಮಗ ಅಮೆರಿಕದ ವರ್ಜೀನಿಯಾದ ಆಶ್‌ಬರ್ನ್‌ನಲ್ಲಿದ್ದಾನೆ. ಹೊರದೇಶದವರು ಬಂದು ತುಂಬಿದ್ದರಿಂದಲೇ ರಾಜ್ಯ ಡೆಮಾಕ್ರಾಟರ ಪಾಲಾಯಿತು ಅಂತ ಅಲ್ಲಿನ ಹಳಬರು ಹೇಳುತ್ತಾರಂತೆ. ನಿಜವೇ?" ಎಂದು ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ.

ಸಂಪಾದಕರ ಉತ್ತರ: ಅರ್ಧ ನಿಜ. ಇನ್ನರ್ಧ ಬಿಟ್ಟುಬಿಟ್ಟರೆ ನಿಮ್ಮ ಮಗನಂಥವರಿಗೆ ಅನ್ಯಾಯವಾಗುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

1968ರಿಂದ 2004ರವರೆಗೆ ಅಧ್ಯಕ್ಷರ ಚುನಾವಣೆಯಲ್ಲಿ ವರ್ಜೀನಿಯಾ ಪ್ರತಿ ಸಲವೂ ಡೆಮಾಕ್ರಾಟರ ಎದುರಾಳಿ ಪಕ್ಷವಾದ ರಿಪಬ್ಲಿಕನ್ನರ ಕೈ ಹಿಡಿಯಿತು. 2008ರಲ್ಲಿ ಒಬಾಮ ಗೆದ್ದರು. ಆಮೇಲೆ 2024ರವರೆಗೂ ಅದು ಡೆಮಾಕ್ರಾಟರನ್ನು ಬಿಟ್ಟಿಲ್ಲ. ನಡುವೆ ಏನಾಯ್ತು? ಆಶ್‌ಬರ್ನ್ ಇರುವ ಲೌಡನ್ ಕೌಂಟಿಯನ್ನೇ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂತೆ) ನೋಡಿ. 1990ರಲ್ಲಿ ಅಲ್ಲಿದ್ದದ್ದು ಸುಮಾರು 86 ಸಾವಿರ ಜನ. 2020ಕ್ಕೆ 4 ಲಕ್ಷ 20 ಸಾವಿರ! ಹೊಲಗಳಿದ್ದ ಕಡೆ ಬಡಾವಣೆಗಳು, ಡೇಟಾ ಸೆಂಟರ್‌ಗಳು ಎದ್ದವು. ಪಕ್ಕದಲ್ಲೇ ಡಲ್ಲೆಸ್ ವಿಮಾನ ನಿಲ್ದಾಣ, ಆಚೆಗೆ ರಾಜಧಾನಿ ವಾಷಿಂಗ್ಟನ್. ಸರ್ಕಾರಿ ನೌಕರಿ, ರಕ್ಷಣಾ ಗುತ್ತಿಗೆ, ಸಾಫ್ಟ್‌ವೇರ್ ಎಲ್ಲವೂ ಜನರನ್ನು ಎಳೆದವು. ಬಂದವರಲ್ಲಿ ನಮ್ಮವರಿದ್ದರು, ಕೊರಿಯಾದವರಿದ್ದರು. ಅಮೆರಿಕದ ಬೇರೆ ರಾಜ್ಯಗಳಲ್ಲಿ ಹುಟ್ಟಿ ಬೆಳೆದವರೂ ಇದ್ದರು. ಅವರನ್ನು ಯಾರೂ ವಲಸಿಗರು ಅನ್ನುವುದಿಲ್ಲ, ಅಲ್ವಾ?

ಹಳಬರೂ ಇದ್ದ ಹಾಗೇ ಉಳಿಯಲಿಲ್ಲ. ಹಿಂದೆ ಬುಷ್‌ಗೆ ಮತ ಹಾಕಿದ್ದ, ಕಾಲೇಜು ಓದಿದ ಎಷ್ಟೋ ಬಿಳಿಯರು ಟ್ರಂಪ್ ಬಂದ ಮೇಲೆ ರಿಪಬ್ಲಿಕನ್ ಪಕ್ಷದಿಂದ ದೂರ ಸರಿದರು.

ಹೊಸಬರೆಲ್ಲ ಒಂದೇ ಕಡೆ ವಾಲುತ್ತಾರೆ ಅನ್ನುವುದೂ ತಪ್ಪು. ಟೆಕ್ಸಸ್‌ನಲ್ಲಿ 2018ರ ಸೆನೆಟ್ (ಅಮೆರಿಕದ ಸಂಸತ್ತಿನ ಮೇಲ್ಮನೆ) ಚುನಾವಣೆಯ ಎಕ್ಸಿಟ್ ಪೋಲ್ ನೋಡಿದರೆ, ಅಲ್ಲೇ ಹುಟ್ಟಿದವರಲ್ಲಿ ಹೆಚ್ಚು ಮಂದಿ ಡೆಮಾಕ್ರಾಟ್ ಒರೂರ್ಕ್ ಕಡೆಗಿದ್ದರು. ರಿಪಬ್ಲಿಕನ್ ಕ್ರೂಜ್ ಅವರನ್ನು ಕಾಪಾಡಿದ್ದು ಟೆಕ್ಸಸ್‌ಗೆ ಬೇರೆ ಕಡೆಯಿಂದ ಬಂದು ನೆಲೆಸಿದವರು! ಲೌಡನ್ ಕೂಡ ಯಾರ ಜೇಬಿನಲ್ಲೂ ಇಲ್ಲ. 2021ರ ಗವರ್ನರ್ (ನಮ್ಮ ಮುಖ್ಯಮಂತ್ರಿಯಂತೆ ರಾಜ್ಯ ನಡೆಸುವವರು) ಚುನಾವಣೆಯಲ್ಲಿ ಅಲ್ಲಿ ಶಾಲೆಗಳ ವಿಷಯವೇ ದೊಡ್ಡದಾಯಿತು. ರಿಪಬ್ಲಿಕನ್ ಯಂಗ್‌ಕಿನ್ ಆ ಕೌಂಟಿಯಲ್ಲಿ ಸೋತರೂ ಅಂತರವನ್ನು ತುಂಬಾ ತಗ್ಗಿಸಿ, ರಾಜ್ಯ ಗೆದ್ದರು. ಮಕ್ಕಳ ಶಾಲೆ, ಮನೆ ಬೆಲೆ, ರಸ್ತೆಯ ಟ್ರಾಫಿಕ್ ಇವು ಊರಿಗೆ ಬಂದವರನ್ನೂ ಊರಲ್ಲಿದ್ದವರನ್ನೂ ಒಂದೇ ಸಮ ಕಾಡುತ್ತವೆ.

ನಮಗೆ ಹತ್ತಿರದ ಒಂದು ವಿಷಯ. ಲೌಡನ್‌ನಿಂದ 2024ರಲ್ಲಿ ಅಮೆರಿಕದ ಸಂಸತ್ತಿಗೆ ಆರಿಸಿಬಂದ ಸುಹಾಸ್ ಸುಬ್ರಮಣ್ಯಂ ಅವರ ತಾಯಿ ಬೆಂಗಳೂರಿನವರು. ಅದೇ ಡಲ್ಲೆಸ್‌ನಲ್ಲಿ ವಿಮಾನ ಇಳಿದು ಆ ದೇಶಕ್ಕೆ ಬಂದವರು.

ಮುಂದಿನ ಸಲ ಫೋನ್ ಮಾಡಿದಾಗ ಮಗನನ್ನು ಒಂದು ಮಾತು ಕೇಳಿ: ಅವನ ಬೀದಿಯಲ್ಲಿ 1990ಕ್ಕಿಂತ ಮುಂಚೆ ಕಟ್ಟಿದ ಮನೆ ಎಷ್ಟಿವೆ? ಉತ್ತರವನ್ನು ನಮಗೂ ಬರೆದು ಕಳಿಸಿ.