ಒಣಗಿದ ಕೆರೆಯಲ್ಲಿ ಕಪ್ಪೆ ಎಲ್ಲಿ ಕಾದಿತ್ತು?

ಪ್ರಶ್ನೆ: ಸರ್, ನಮ್ಮದು ಗುಡಿಬಂಡೆ ತಾಲ್ಲೂಕಿನ ಹಳ್ಳಿ. ನಮ್ಮೂರ ಕೆರೆ ಹತ್ತು ಹನ್ನೆರಡು ವರ್ಷ ಒಣಗಿತ್ತು. ಒಳಗೆಲ್ಲ ಬಳ್ಳಾರಿ ಜಾಲಿ ಬೆಳೆದಿತ್ತು, ಖಾಲಿ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. 2021ರ ಮಳೆಗೆ ತುಂಬಿ ಕೋಡಿ ಹೋಯಿತು. ದೊಡ್ಡ ಮಳೆ ಬಿದ್ದ ರಾತ್ರಿಯೇ ಕಪ್ಪೆಗಳ ವಟವಟ ಶುರುವಾಯಿತು. ವಾರ ಕಳೆಯುವಷ್ಟರಲ್ಲಿ ನೀರಿನ ಅಂಚಿನಲ್ಲಿ ಸಿಗಡಿಯಂಥ ಸಣ್ಣ ಹುಳುಗಳು, ಆಮೇಲೆ ಮೀನು. ಇವೆಲ್ಲ ಮಳೆ ಜೊತೆ ಮೇಲಿಂದ ಬೀಳುತ್ತವೆ ಅಂತಾರೆ ನಮ್ಮಜ್ಜಿ. ನಿಜವಾ?

ಉತ್ತರ: ನಿನ್ನೆ ಇಲ್ಲದ ಜೀವ ಇವತ್ತು ಕಣ್ಣೆದುರು ಇದ್ದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಅಜ್ಜಿ ನೋಡಿದ್ದು ಸರಿ, ಬಂದ ದಿಕ್ಕು ಮಾತ್ರ ಬೇರೆ. ಬಹುಪಾಲು ಜೀವಗಳು ಎದ್ದದ್ದು ನೆಲದೊಳಗಿಂದ.

ಮೊದಲು ಕಪ್ಪೆ. ನಮ್ಮ ಬಯಲುಸೀಮೆಯಲ್ಲಿ ಮಣ್ಣು ಅಗೆಯುವ ಒಂದು ದುಂಡನೆ ಕಪ್ಪೆ ಇದೆ. ಸಿಕ್ಕರೆ ಅದರ ಹಿಂಗಾಲು ನೋಡಿ. ಹಿಮ್ಮಡಿಯ ಹತ್ತಿರ ಗಟ್ಟಿಯಾದ ಒಂದು ಗುಬಟು ಇರುತ್ತದೆ, ಸಣ್ಣ ಸಲಿಕೆ ಇದ್ದ ಹಾಗೆ. ಅದರಿಂದ ಮಣ್ಣು ತಳ್ಳುತ್ತಾ ಹಿಂದಕ್ಕೆ ಹಿಂದಕ್ಕೆ ಇಳಿಯುತ್ತದೆ. ನೀವು ನೋಡುತ್ತಿದ್ದಂತೆಯೇ ಕೂತ ಜಾಗದಲ್ಲೇ ಮುಳುಗಿಹೋಗುತ್ತದೆ, ಕೊನೆಗೆ ಎರಡು ಕಣ್ಣು ಮಾತ್ರ ಕಾಣುತ್ತವೆ. ಬೇಸಿಗೆಯಲ್ಲಿ ಒಳಗೆ ಅಲ್ಲಾಡದೆ ಕೂತಿರುತ್ತದೆ. ಊಟ ಇಲ್ಲ. ಉಸಿರಾಟ, ಎದೆಬಡಿತ ಎಲ್ಲ ನಿಧಾನವಾಗುತ್ತದೆ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಹಾಗಾಗಿ ಸುತ್ತಲಿನ ಮಣ್ಣಿನಲ್ಲಿ ಸ್ವಲ್ಪ ತೇವ ಉಳಿದಿದ್ದರೂ ಅದಕ್ಕೆ ಆಧಾರ.

ಮಳೆ ಬಂದದ್ದು ಒಳಗೆ ಕೂತವರಿಗೆ ಹೇಗೆ ಗೊತ್ತಾಗುತ್ತದೆ? ಅಮೆರಿಕದ ಮರುಭೂಮಿಯಲ್ಲೂ ಹೀಗೇ ಮಣ್ಣಲ್ಲಿ ಹೂತುಕೊಳ್ಳುವ ಕಪ್ಪೆಗಳಿವೆ. 1980ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ಹನಿ ನೀರೂ ಹಾಕದೆ ಬರೀ ಮೋಟರ್‌ನಿಂದ ನೆಲ ನಡುಗಿಸಿದರು. ಕಪ್ಪೆಗಳು ಮೇಲೆ ಬಂದುಬಿಟ್ಟವು! ಮಳೆ ನೆಲಕ್ಕೆ ಬಡಿಯುವ ಸದ್ದೇ ಅವಕ್ಕೆ ಕರೆ. ತೇವ ಇಳಿಯುವವರೆಗೆ ಕಾದರೆ ತಡವಾಗುತ್ತದೆ, ಅಲ್ವಾ? ಗುಂಡಿ ಒಣಗುವ ಮುಂಚೆ ಮೊಟ್ಟೆ ಇಟ್ಟು, ಮರಿ ಕಪ್ಪೆಯಾಗಿ ದಡ ಸೇರಬೇಕು. ಆ ಕಪ್ಪೆಗಳ ಗೊದಮೊಟ್ಟೆಗಳು ನೀರು ಕಡಿಮೆಯಾಗುವುದನ್ನು ಗುರುತಿಸಿ ಬೆಳವಣಿಗೆಯನ್ನೇ ಚುರುಕು ಮಾಡಿಕೊಳ್ಳುತ್ತವೆ. ಮೈ ಸಣ್ಣದಾದರೂ ಸರಿ, ಕಾಲು ಬೇಗ ಮೂಡಲಿ ಅಂತ.

ಹಾಗಂತ ನಿಮ್ಮೂರ ಕಪ್ಪೆಗಳು ಹನ್ನೆರಡು ವರ್ಷ ನಿದ್ದೆ ಮಾಡಲಿಲ್ಲ. ಕೆರೆ ತುಂಬದ ವರ್ಷಗಳಲ್ಲೂ ನಾಲ್ಕು ಹನಿ ಮಳೆಯಾಗಿತ್ತಲ್ಲ, ಆಗೆಲ್ಲ ಎದ್ದು ಹೊಲದ ಗುಂಡಿ, ಕೃಷಿಹೊಂಡ, ಹಳ್ಳದ ಮಡುವಿನಲ್ಲಿ ಸಂಸಾರ ನಡೆಸಿವೆ. ಕೆರೆ ತುಂಬಿದಾಗ ಎಲ್ಲ ಒಂದೇ ಕಡೆ ಸೇರಿದ್ದರಿಂದ ಗದ್ದಲ ಜೋರಾಗಿ ಕೇಳಿಸಿತು. ಹಳದಿ ಬಣ್ಣದ ದೊಡ್ಡ ಕಪ್ಪೆ ನೋಡಿದ್ದರೆ, ಅದು ಗೋಂಕರ ಕಪ್ಪೆಯ ಗಂಡು. ಹೆಣ್ಣನ್ನು ಕರೆಯುವ ಕಾಲಕ್ಕೆ ಮಾತ್ರ ಆ ಬಣ್ಣ.

ನಿಜವಾಗಿ ಹತ್ತಾರು ವರ್ಷ ಕಾಯುವುದು ಆ ಸಿಗಡಿಯಂಥ ಹುಳು. ನನಗೆ ತುಂಬಾ ಇಷ್ಟವಾದ ಜೀವಿ ಅದು. ಬೆನ್ನು ಕೆಳಗೆ, ಹೊಟ್ಟೆ ಮೇಲೆ ಮಾಡಿಕೊಂಡು, ಗರಿಯಂಥ ಕಾಲುಗಳನ್ನು ಅಲೆಅಲೆಯಾಗಿ ಆಡಿಸುತ್ತಾ ಈಜುತ್ತದೆ. ಆಯಸ್ಸು ಕೆಲವೇ ವಾರ. ಅದರ ಮೊಟ್ಟೆ ಗಸಗಸೆಗಿಂತ ಸಣ್ಣದು, ಸಿಪ್ಪೆ ಮಾತ್ರ ಬಲು ಗಟ್ಟಿ. ಒಳಗಿನ ಭ್ರೂಣ ಮೈಯಲ್ಲಿರುವ ನೀರನ್ನು ಹೆಚ್ಚುಕಡಿಮೆ ಪೂರ್ತಿ ಕಳೆದುಕೊಂಡು, ಒಂದು ಬಗೆಯ ಸಕ್ಕರೆಯ ಬಲದಿಂದ ಕೆಡದೆ ಉಳಿಯುತ್ತದೆ. ಬಿಸಿಲಿಗೆ ಕಾದರೂ, ಗಾಳಿಗೆ ಹಾರಿದರೂ ಬದುಕಿರುತ್ತದೆ.

ಇನ್ನೊಂದು ವಿಷಯ ಕೇಳಿ. ಒಂದು ಮಳೆಗೆ ಎಲ್ಲ ಮೊಟ್ಟೆಯೂ ಒಡೆಯುವುದಿಲ್ಲ. ಕೆಲವು ಮಾತ್ರ ಒಡೆಯುತ್ತವೆ, ಉಳಿದವು ಮುಂದಿನ ಸಲಕ್ಕೆ. ನಮ್ಮ ರೈತರು ಮೊದಲ ಮಳೆ ನಂಬಿ ಮನೆಯ ಬಿತ್ತನೆ ಬೀಜವನ್ನೆಲ್ಲ ಸುರಿಯುತ್ತಾರಾ? ಮಳೆ ಕೈಕೊಟ್ಟರೆ ಅಂತ ಎರಡು ಸೇರು ಉಳಿಸಿಕೊಳ್ಳುತ್ತಾರೆ. ಇದೂ ಹಾಗೇ.

ಒಣಗಿದ ಕೆರೆಯ ಒಂದು ಹಿಡಿ ಮಣ್ಣು ತಂದು, ಅಗಲವಾದ ಪಾತ್ರೆಯಲ್ಲಿ ಮಳೆನೀರು ಹಾಕಿ ಬೆಳಕಿರುವ ಕಡೆ ಇಡಿ. ನಲ್ಲಿಯ ಕ್ಲೋರಿನ್ ನೀರು ಬೇಡ. ಎರಡು ಮೂರು ದಿನಕ್ಕೆ ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಚುಕ್ಕೆಯಂಥ ಏನಾದರೂ ಜಿಗಿಯುತ್ತಿರುತ್ತದೆ. ನಾನು ಮಕ್ಕಳಿಗೆ ಮೊದಲು ಮಾಡಿಸುವ ಪ್ರಯೋಗ ಇದೇ. ಒಂದು ಸಲ ನೋಡಿದ ಮಕ್ಕಳು ಕೆರೆಯನ್ನು ಮತ್ತೆ ಖಾಲಿ ಜಾಗ ಅನ್ನುವುದಿಲ್ಲ.

ಮೀನಿನ ಕಥೆ ಚಿಕ್ಕದು. ಹೆಚ್ಚಿನವು ಮೇಲಿನ ಕೆರೆ ಕೋಡಿ ಹೋದಾಗ ಕಾಲುವೆಯಲ್ಲಿ ಇಳಿದು ಬರುತ್ತವೆ. ಕೆಲವನ್ನು ಜನರೇ ಮರಿ ತಂದು ಬಿಟ್ಟಿರುತ್ತಾರೆ. ಕೊರವ ಮೀನು ಗಾಳಿಯನ್ನೇ ಉಸಿರಾಡಬಲ್ಲದು, ಕೆಸರು ಹಸಿಯಾಗಿರುವವರೆಗೆ ಅದರಲ್ಲೇ ಇರಬಲ್ಲದು. ಬಾತುಕೋಳಿ ನುಂಗಿದ ಗೆಂಡೆ ಮೀನಿನ ಮೊಟ್ಟೆಗಳಲ್ಲಿ ಸಾವಿರಕ್ಕೆ ಎರಡರಷ್ಟು ಹಿಕ್ಕೆಯಲ್ಲಿ ಜೀವಂತ ಹೊರಬರುತ್ತವೆ ಎಂದು 2020ರಲ್ಲಿ ಹಂಗೇರಿಯ ವಿಜ್ಞಾನಿಗಳು ತೋರಿಸಿದರು. ಅಜ್ಜಿಗೆ ಹೇಳಿ, ಒಂದೆರಡು ಮೇಲಿಂದಲೂ ಬಿದ್ದಿರಬಹುದು!

ಪ್ರಶ್ನೆ: ನಾನು ಕೊರಟಗೆರೆ ಕಡೆಯವನು, ಪಂಚಾಯಿತಿ ಸದಸ್ಯ. ಈ ಬೇಸಿಗೆಯಲ್ಲಿ ಕೆರೆ ಹೂಳೆತ್ತಿಸಬೇಕು ಅಂತಿದ್ದೇವೆ. ಜೆಸಿಬಿ ಹಾಕಿದರೆ ನೆಲದೊಳಗಿನ ಜೀವಿಗಳಿಗೆ ತೊಂದರೆಯಾಗುತ್ತಾ?

ಉತ್ತರ: ಆಗುತ್ತದೆ. ಆದರೆ ಕೆಲಸ ನಿಲ್ಲಿಸಬೇಡಿ. ಹೂಳು ತೆಗೆದರೆ ನೀರು ಜಾಸ್ತಿ ನಿಲ್ಲುತ್ತದೆ, ಗೋಡು ಹೊಲಕ್ಕೆ ಒಳ್ಳೆಯದು. ಒಡೆಯಲು ತಯಾರಿರುವ ಮೊಟ್ಟೆಗಳು ಹೆಚ್ಚಾಗಿ ಮೇಲಿನ ಕೆಲವು ಬೆರಳಷ್ಟು ಮಣ್ಣಲ್ಲೇ ಇರುತ್ತವೆ. ಹಾಗಾಗಿ ಇಡೀ ಕೆರೆಯನ್ನು ಒಂದೇ ವರ್ಷ ಕೆರೆಯಬೇಡಿ. ಅರ್ಧ ಈ ವರ್ಷ, ಅರ್ಧ ಮುಂದಿನ ವರ್ಷ. ಅಷ್ಟು ಸಮಯ ಇಲ್ಲದಿದ್ದರೆ, ಮೇಲ್ಮಣ್ಣನ್ನು ಒಂದಷ್ಟು ಕಡೆ ಬದಿಗೆ ಗುಡ್ಡೆ ಹಾಕಿಸಿ ಕೊನೆಗೆ ಅಲ್ಲೇ ಹರಡಿಸಿ. ಹಿನ್ನೀರಿನ ಕಡೆಯ ಇಳಿಜಾರು ಅಂಚನ್ನು ಮಾತ್ರ ಮುಟ್ಟಬೇಡಿ. ಗೋಡೆಯಂತೆ ನೆಟ್ಟಗೆ ಕಡಿದರೆ ಕಪ್ಪೆಮರಿ ಮೇಲೆ ಹತ್ತಲಾರದು, ಕಾಲಾಡಿಸಿ ಮೇಯುವ ಹಕ್ಕಿಗೂ ಜಾಗ ಇರದು.

ಕೋಲಾರದವರು ಇದೇ ಜಾಗದಲ್ಲಿ ಇನ್ನೊಂದನ್ನು ಗಮನಿಸಬೇಕು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು, ಬಂದ ಮೇಲೆ ಹಲವು ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ನಿಂತಿರುತ್ತದೆ. ಅಂತರ್ಜಲಕ್ಕೆ ಅದು ಆಸರೆ. ಆದರೆ ಆ ಪುಟ್ಟ ಸಿಗಡಿಗಳ ಎಷ್ಟೋ ಜಾತಿಗಳ ಮೊಟ್ಟೆ ಒಮ್ಮೆ ಒಣಗದೆ ಒಡೆಯುವುದಿಲ್ಲ. ಒಡೆದರೂ ಮೀನಿನ ಪಾಲು. ಅದಕ್ಕೇ ಊರಾಚೆಯ ಸಣ್ಣ ಕುಂಟೆಗಳು, ಬಂಡೆ ಮೇಲಿನ ದೊಣೆಗಳು ಈಗ ಇನ್ನೂ ಮುಖ್ಯ. ದಯವಿಟ್ಟು ಅವಕ್ಕೆ ಕಟ್ಟಡದ ಕಸ ಸುರಿಯಬೇಡಿ.

ಪ್ರಶ್ನೆ: ಚಿಂತಾಮಣಿ ಹತ್ತಿರ ಎರಡು ಎಕರೆ ರಾಗಿ ಹಾಕಿದ್ದೇನೆ. ಹದಿನೈದು ದಿನದಿಂದ ಮಳೆ ಇಲ್ಲ. ಮಧ್ಯಾಹ್ನ ಎಲೆಯೆಲ್ಲ ಸುರುಳಿ ಸುತ್ತಿಕೊಳ್ಳುತ್ತವೆ. ಬೆಳೆ ಹೋಯಿತಾ?

ಉತ್ತರ: ಸುರುಳಿ ಸುತ್ತುವುದು ಪೈರು ತನ್ನನ್ನು ಕಾಪಾಡಿಕೊಳ್ಳುವ ರೀತಿ. ಎಲೆಯ ಮೇಲ್ಪದರದಲ್ಲಿ ನೀರು ತುಂಬಿದ ದೊಡ್ಡ ಕೋಶಗಳ ಸಾಲು ಇರುತ್ತದೆ. ನೀರು ಕಡಿಮೆಯಾದಾಗ ಅವು ಕುಗ್ಗುತ್ತವೆ, ಎಲೆ ಮಡಚಿಕೊಳ್ಳುತ್ತದೆ. ಬಿಸಿಲು ತಾಗುವ ಜಾಗ ಕಡಿಮೆಯಾಗಿ ಆವಿ ಹೋಗುವುದು ತಗ್ಗುತ್ತದೆ. ಜೋಳ, ಮೆಕ್ಕೆಜೋಳದ ಹಾಗೆ ರಾಗಿಯೂ ಕಡಿಮೆ ನೀರಲ್ಲಿ ಜಾಸ್ತಿ ಆಹಾರ ಮಾಡಿಕೊಳ್ಳುವ ಗುಂಪಿನ ಗಿಡ. ಸ್ವಲ್ಪ ದಿನ ತಡೆಯುತ್ತದೆ.

ಮಧ್ಯಾಹ್ನ ನೋಡಿ ಹೆದರಬೇಡಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಹೊಲಕ್ಕೆ ಹೋಗಿ. ಎಲೆ ಬಿಚ್ಚಿಕೊಂಡಿದ್ದರೆ ಬೇರಿಗೆ ಇನ್ನೂ ತೇವ ಸಿಗುತ್ತಿದೆ. ಕುಂಟೆ ಹೊಡೆದು ಕಳೆ ತೆಗೆದು, ಮೇಲ್ಮಣ್ಣು ಸಡಿಲ ಮಾಡಿ. ಬೆಳಿಗ್ಗೆಯೂ ಸುರುಳಿಯಾಗೇ ಇದ್ದು, ತೆನೆ ಹೊರಡುವ ಹೊತ್ತಾಗಿದ್ದರೆ ತಡ ಮಾಡಬೇಡಿ. ಕೃಷಿಹೊಂಡದಲ್ಲಿ ನೀರಿದ್ದರೆ ಆಗಲೇ ಒಂದು ಸಲ ಹಾಯಿಸಿ.